ಪೂರ್ತಿ ಮನುಷ್ಯನನ್ನು ಬರೆಯಿರಿ ಎನ್ನುತ್ತಿದ್ದವರು

ಹೋದ ವಾರ ವಿಮೆಯವರ ಕಡೆಯಿಂದ ಒಬ್ಬ ತರುಣ ನಮ್ಮ ಆಸ್ಪತ್ರೆಗೆ ಬಂದಿದ್ದ. ಕೈಯಲ್ಲಿ ಪ್ರೊಜೆಕ್ಟರ್, ಕೊರಳಲ್ಲಿ ಗುರುತಿನ ಚೀಟಿ. ಎಲ್ಲರೂ ಕೂತುಕೊಳ್ಳಿ ಎಂದ, ಕೂತೆವು. ಗೋಡೆಯ ಮೇಲೆ ಬಣ್ಣದ ಚಿತ್ರಗಳು ಬಂದು ಹೋದವು. ಫ್ಯಾನಿನ ಕೆಳಗೆ ನಮ್ಮ ನರ್ಸ್ ಒಬ್ಬಳು ತೂಕಡಿಸುತ್ತಿದ್ದಳು. ನಾನು ಅವಳನ್ನು ಗದರಿಸಲಿಲ್ಲ, ನನಗೂ ಕಣ್ಣು ಎಳೆಯುತ್ತಿತ್ತು. ಎಲ್ಲ ಮುಗಿದ ಮೇಲೆ, ಈ ಸಲ ಮೇಡಂ ಯಾಕೆ ಬರಲಿಲ್ಲ ಎಂದು ಕೇಳಿದೆ. ಅವರು ನಿವೃತ್ತರಾದರು, ನಿಮಗೆ ಗೊತ್ತಿಲ್ಲವೇ ಎಂದ. ಗೊತ್ತಿರಲಿಲ್ಲ. ಒಂದು ಮಾತು ಹೇಳದೆ ಹೋದರಲ್ಲ ಎಂದು ಸಿಟ್ಟು ಬಂತು. ಅದು ಇನ್ನೂ ಇಳಿದಿಲ್ಲ. ಸುಮ್ಮನೆ ಕೂರಲಾಗದೆ ಇದನ್ನು ಬರೆಯುತ್ತಿದ್ದೇನೆ.

ಸುಮ್ಮನೆ ಕೂರುವುದು ಅವರಿಗೂ ಬರುತ್ತಿರಲಿಲ್ಲ. ಕುರ್ಚಿ ಕೊಟ್ಟರೆ ಅದರ ಬೆನ್ನ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದರು. ಮಾತಾಡುತ್ತ ಮಾತಾಡುತ್ತ ಕಿಟಕಿ ತೆಗೆಯುವರು, ಪರದೆ ಸರಿಸುವರು, ಬಾಗಿಲ ಹೊರಗೆ ರೋಗಿಗಳು ಬಿಟ್ಟ ಚಪ್ಪಲಿಗಳನ್ನು ಕಾಲಿನಿಂದಲೇ ಜೋಡಿಸಿ ಬರುವರು. ಚಹಾ ಬಂದರೆ ಬಸಿಗೆ ಸುರಿದುಕೊಂಡು ನಿಂತಲ್ಲೇ ಮುಗಿಸುವರು. ಅರವತ್ತರ ಹತ್ತಿರದ ಹೆಂಗಸು, ಕುಳ್ಳು, ತಲೆಯ ಮೇಲೆ ಸದಾ ಜಾರುವ ಸೆರಗು. ಅದನ್ನು ಎಳೆದುಕೊಳ್ಳುವುದೂ ಜಗಳದ ಒಂದು ಭಾಗವೇ ಎನ್ನುವ ಹಾಗೆ ಎಳೆದುಕೊಳ್ಳುತ್ತಿದ್ದರು. ಅವರ ಮನೆತನ ಇಂಡಿ ಪಟ್ಟಣದಲ್ಲಿ ತಲೆಮಾರುಗಳಿಂದ ನಿಂಬೆಹಣ್ಣಿನ ವ್ಯಾಪಾರ ಮಾಡಿಕೊಂಡು ಬಂದದ್ದು. ಆ ಮನೆಯಿಂದ ಮೊದಲು ಡಾಕ್ಟರಾದವರು ಇವರೇ. ಬಹಳ ವರ್ಷ ಇಂಡಿಯಲ್ಲೇ ದವಾಖಾನೆ ನಡೆಸಿ, ಆಮೇಲೆ ಅದನ್ನು ತಂಗಿಯ ಮಗಳಿಗೆ ಬಿಟ್ಟುಕೊಟ್ಟು, ವಿಮೆಯವರ ಪರವಾಗಿ ನಮ್ಮಂಥವರಿಗೆ ಪಾಠ ಹೇಳುವ ಕೆಲಸ ಹಿಡಿದಿದ್ದರು. ಹೆಂಗಸರೆಲ್ಲ ಅವರನ್ನು ಗೌರವದಿಂದ ಬಾಯಾರ ಎನ್ನುತ್ತಿದ್ದರು. ನಾವು ಡಾಕ್ಟರುಗಳು ಮೇಡಂ ಎನ್ನುತ್ತಿದ್ದೆವು, ಬೆನ್ನ ಹಿಂದೆ ಬಿರುಗಾಳಿ ಎನ್ನುತ್ತಿದ್ದೆವು.

ಪಾಠ ಯಾವುದರದು ಎಂದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಸಿಂದಗಿಯಲ್ಲಿ ನನ್ನದೊಂದು ಸಣ್ಣ ಆಸ್ಪತ್ರೆ ಇದೆ. ಮೇಲಿನ ಮಹಡಿಯ ವಾರ್ಡು ವಿಮೆಯ ಮೇಲೆ ನಡೆಯುತ್ತದೆ. ಅಡತಿ ಅಂಗಡಿಯ ಹಮಾಲರು, ತೊಗರಿ ಕೊಯ್ಯಲು ಹೋಗುವ ಹೆಂಗಸರು, ಮೋರಟಗಿ ಕಡೆಯ ರೈತರು ಅಲ್ಲಿಗೆ ಬರುತ್ತಾರೆ. ಮೊದಲು ಹರ್ನಿಯಾ ಎಂದರೆ ಒಂದು ದರ, ಟೈಫಾಯಿಡ್ ಎಂದರೆ ಒಂದು ದರ ಎಂದು ಗೊತ್ತಿತ್ತು. ರೋಗಿ ಕಟ್ಟುಮಸ್ತಾದ ಹರೆಯದವನೋ ಸಕ್ಕರೆ ಕಾಯಿಲೆಯ ಮುದುಕನೋ ಎಂದು ಯಾರೂ ಕೇಳುತ್ತಿರಲಿಲ್ಲ. ಹೊಸ ಪದ್ಧತಿಯಲ್ಲಿ ಒಂದು ಆಸ್ಪತ್ರೆಗೆ ಬರುವ ಜನ ಎಷ್ಟು ಜಡ್ಡಿನವರು ಎಂದು ಅಳೆಯುತ್ತಾರೆ. ಹೆಚ್ಚು ಜಡ್ಡಿನವರನ್ನು ನೋಡುವವರಿಗೆ ಹೆಚ್ಚು ದರ, ಗಟ್ಟಿ ಜನರನ್ನು ನೋಡುವವರಿಗೆ ಕಡಿಮೆ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಅಳೆಯುವವನು ರೋಗಿಯನ್ನು ನೋಡುವುದಿಲ್ಲ, ಕೇಸ್ ಶೀಟ್ ನೋಡುತ್ತಾನೆ. ಅದರಲ್ಲಿ ಬರೆಯದ ರೋಗ ಅವನ ಪಾಲಿಗೆ ಇಲ್ಲ.

ಜಾರಿಗೆ ಬರುವ ಮುಂಚೆ ಒಂದು ಪ್ರಯೋಗದ ಅಳತೆ ನಡೆಯಿತು. ಅದರಲ್ಲಿ ನನ್ನ ಆಸ್ಪತ್ರೆಯ ರೋಗಿಗಳು ಬಹಳ ಆರೋಗ್ಯವಂತರು ಎಂದು ಬಂತು. ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಿಜವಾದ ಅಳತೆಯಲ್ಲೂ ಹಾಗೇ ಬಂದರೆ ಮೇಲಿನ ವಾರ್ಡನ್ನು ಮುಚ್ಚದೆ ಬೇರೆ ದಾರಿಯಿರಲಿಲ್ಲ. ಮುಚ್ಚಿದರೆ ಆ ಜನ ವಿಜಯಪುರಕ್ಕೆ ಹೋಗಬೇಕು. ಹೋಗಬೇಕು ಎನ್ನುವುದು ಮಾತು, ಅವರಲ್ಲಿ ಅರ್ಧ ಜನ ಹೋಗುವುದಿಲ್ಲ, ಮನೆಯಲ್ಲೇ ಮಲಗುತ್ತಾರೆ ಎಂದು ನನಗೆ ಗೊತ್ತಿತ್ತು. ಆ ದಿನಗಳಲ್ಲಿ ಉಣ್ಣುವಾಗಲೂ ನನ್ನ ಕಾಲು ಮೇಜಿನ ಕೆಳಗೆ ಕುಣಿಯುತ್ತಿತ್ತು ಎಂದು ಹೆಂಡತಿ ಈಗಲೂ ಆಡಿಕೊಳ್ಳುತ್ತಾಳೆ.

ಅವರು ಮೊದಲ ಸಲ ಬಂದದ್ದು ಆಗಲೇ. ಇಂಡಿಯ ಬಸ್ಸಿನಿಂದ ಇಳಿದು, ನನ್ನ ಕೋಣೆಗೆ ಬರದೆ ನೇರವಾಗಿ ವಾರ್ಡಿಗೆ ಹೋಗಿದ್ದರು. ಮೀಟಿಂಗಿಗೆಂದು ಸಿಹಿ ಖಾರ ತರಿಸಿಟ್ಟುಕೊಂಡು ನಾನು ಕಾಯುತ್ತ ಕೂತಿದ್ದೆ. ಎಷ್ಟೋ ಹೊತ್ತಿನ ಮೇಲೆ ಒಳಗೆ ಬಂದರು, ಕುರ್ಚಿಯನ್ನು ಬದಿಗೆ ಸರಿಸಿದರು, ನಮ್ಮ ಎದುರು ನಿಂತರು.

“ನಾ ಇಂಡಿಯಾಕಿ. ನನಗ ಸಕ್ಕರಿ ಐತಿ, ಬಿಪಿ ಐತಿ, ಥೈರಾಯಿಡ್ ಐತಿ. ಸಿಟ್ಟು ಬ್ಯಾರೆ ಐತಿ, ಅದಕ ಗುಳಿಗಿ ಇಲ್ಲ. ಈಗ ನಿಮ್ಮದು ಹೇಳ್ರಿ.”

ಅವರು ಪರಿಚಯ ಮಾಡಿಕೊಳ್ಳುವ ರೀತಿ ಇದು. ಹೆಸರು, ಓದು, ಹುದ್ದೆ ಏನೂ ಇಲ್ಲ. ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ನನಗೂ ಬಿಪಿ ಇದೆ, ಆದರೆ ನನ್ನ ನರ್ಸುಗಳ ಮುಂದೆ ಹೇಳಲು ಬಾಯಿ ಬರಲಿಲ್ಲ. ಏನೂ ಇಲ್ಲ ಎಂದೆ. ಅವರು ನನ್ನನ್ನು ಒಂದು ಗಳಿಗೆ ನೋಡಿ, ಗಟ್ಟಿ ಮಂದಿ ಆಸ್ಪತ್ರೆಗೆ ಗಟ್ಟಿ ಡಾಕ್ಟರ್ ಎಂದರು. ನರ್ಸುಗಳು ಕಿಸಕ್ಕನೆ ನಕ್ಕರು.

ಆಮೇಲೆ ಒಂದು ಕೇಸ್ ಶೀಟ್ ತೆಗೆದು ಗಟ್ಟಿಯಾಗಿ ಓದಿರಿ ಎಂದರು. ಬಜಾರದ ಒಬ್ಬ ಹಮಾಲನದು. ಕಾಲಿನಲ್ಲಿ ಗಾಯ, ಡ್ರೆಸ್ಸಿಂಗ್, ಆ್ಯಂಟಿಬಯಾಟಿಕ್ ಎಂದು ನಾನು ಓದಿದೆ. ಅಷ್ಟೇ ಇತ್ತು. ಈಗ ಮೇಲೆ ನಡೆಯಿರಿ ಎಂದು ನಮ್ಮನ್ನೆಲ್ಲ ಅವನ ಮಂಚದ ಹತ್ತಿರ ಕರೆದೊಯ್ದರು. ಅವನ ಹತ್ತಿರ ಅವರು ಆಗಲೇ ಮಾತಾಡಿ ಬಂದಿದ್ದರು. ಎಷ್ಟೋ ವರ್ಷದ ಸಕ್ಕರೆ ಕಾಯಿಲೆ, ಒಮ್ಮೆ ಟಿಬಿ ಆಗಿ ಗುಣವಾದದ್ದು, ಮುಖದ ಬಾವು, ಕಿಡ್ನಿ ಸೋಲುತ್ತಿರುವ ಗುರುತು. ಇದರಲ್ಲಿ ನನಗೆ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ, ಎಲ್ಲದಕ್ಕೂ ನಾನೇ ಔಷಧ ಕೊಡುತ್ತಿದ್ದೆ. ಬರೆದಿರಲಿಲ್ಲ, ಅಷ್ಟೇ.

“ಡಾಕ್ಟರ್ರ, ನಿಮ್ಮ ಕಾಗದದಾಗ ಬರೇ ಕಾಲು ಅಡ್ಮಿಟ್ ಆಗೇತಿ. ಉಳಿದ ಮನಷ್ಯಾ ಎಲ್ಲಿ ಅದಾನ?” ಎಂದು ಕೇಳಿದರು. ಹಮಾಲನೂ ನಕ್ಕ. ಪೂರ್ತಿ ಮನುಷ್ಯನನ್ನು ಬರೆಯಿರಿ ಎಂಬುದು ಅವರ ಪಾಠದ ಮೊದಲನೆಯ ಮಾತೂ ಹೌದು, ಕೊನೆಯದೂ ಹೌದು.

ನಾಲ್ಕು ತಾಲೂಕು ಅವರ ಪಾಲಿಗೆ ಬಂದಿದ್ದವು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ವಿಮೆಯವರು ಕಾರು ಕೊಡುತ್ತೇವೆ ಎಂದರೂ ಬಸ್ಸಿನಲ್ಲೇ ಓಡಾಡುತ್ತಿದ್ದರು. ಕಾರಿನಲ್ಲಿ ಕೂತರೆ ಕೂತೇ ಇರಬೇಕು, ಬಸ್ಸಿನಲ್ಲಿ ಜನ ಹತ್ತಿದಾಗ ಎದ್ದು ಜಾಗ ಬಿಟ್ಟುಕೊಡಬಹುದು ಎಂದು ಕಾರಣ ಹೇಳುತ್ತಿದ್ದರು. ದೇವರ ಹಿಪ್ಪರಗಿಯ ಸಂತೆಯ ದಿನ ಬಸ್ಸು ಸಿಗದಿದ್ದರೆ ಜೋಳದ ಚೀಲ ತುಂಬಿದ ಟಂಟಂ ಗಾಡಿ ಏರಿ ಬಂದದ್ದನ್ನೂ ನೋಡಿದ್ದೇನೆ. ಕೈಚೀಲದಲ್ಲಿ ಊರಿನ ನಿಂಬೆಹಣ್ಣು. ಯಾವ ನರ್ಸ್ ಸರಿಯಾದ ಉತ್ತರ ಹೇಳುತ್ತಾಳೋ ಅವಳ ಕೈಗೆ ಒಂದು ಹಣ್ಣು. ಡಾಕ್ಟರುಗಳಿಗೆ ಕೊಡುತ್ತಿರಲಿಲ್ಲ. ನಾನೊಮ್ಮೆ ಕೇಳಿಯೇ ಬಿಟ್ಟೆ. ನಿಮಗೆ ಈಗಾಗಲೇ ಹುಳಿ ಹೆಚ್ಚಾಗಿದೆ ಎಂದರು.

ಅವರ ಸಹಪಾಠಿಯಾಗಿದ್ದ ಒಬ್ಬ ಹಿರಿಯ ಡಾಕ್ಟರು ಇಂಡಿಯ ತುಂಬಿದ ಸಭೆಯಲ್ಲಿ, ನಾವು ರೋಗಿಯನ್ನು ನೋಡಬೇಕೋ ಕಾರಕೂನರ ಹಾಗೆ ಬರೆಯುತ್ತ ಕೂರಬೇಕೋ ಎಂದು ರೇಗಿದರಂತೆ. ಇವರು ತಣ್ಣಗೆ, “ನೀವು ಮನೀಗೆ ಹೋದ ಮ್ಯಾಲ ನರ್ಸಿಗೆ ಹೆಂಗ ತಿಳೀಬೇಕ್ರಿ? ಆಕಿ ಕನಸಿನಾಗ ಬಂದು ಹೇಳ್ತೀರೇನು?” ಎಂದು ಕೇಳಿದರು. ಅದನ್ನು ನನಗೆ ಹೇಳಿದವರು ಆ ಹಿರಿಯರೇ. ಹೇಳಿ, ಓದುವಾಗಲೂ ಇವಳು ಹೀಗೇ ಇದ್ದಳು, ಪರೀಕ್ಷೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ಹೋಗುತ್ತಿದ್ದಳು, ನಾವಿನ್ನೂ ಅರ್ಧ ಬರೆದಿರುತ್ತಿದ್ದೆವು ಎಂದರು.

ಪಾಠ ತಲೆಗೆ ಏರಿದ ಮೇಲೆ ಕೆಲವರಿಗೆ ಬೇರೆ ರುಚಿ ಹತ್ತಿತು. ರೋಗ ಬರೆದರೆ ಆಸ್ಪತ್ರೆಗೆ ಒಳ್ಳೆಯದಲ್ಲವೇ, ಹಾಗಾದರೆ ಒಂದೆರಡು ಕೂಡಿಸಿ ಬರೆದರೇನು? ಮುದ್ದೇಬಿಹಾಳದ ಒಬ್ಬ ತರುಣ ಡಾಕ್ಟರನ ವಾರ್ಡಿನಲ್ಲಿ ಎಲ್ಲರಿಗೂ ಹೃದಯದ ದೌರ್ಬಲ್ಯ ಶುರುವಾಗಿತ್ತು. ಇವರು ಹೋಗಿ ಅಂಥ ಒಬ್ಬ ರೋಗಿಯನ್ನು ಮಾತಾಡಿಸಿದರು. ಜ್ವರ ಬರುವ ಹಿಂದಿನ ದಿನ ಮಗಳ ಮನೆಯ ಅಟ್ಟಕ್ಕೆ ಜೋಳದ ಚೀಲ ಹೊತ್ತು ಹಾಕಿ ಬಂದವನು ಅವನು. ಇವನ ಹಾರ್ಟ್ ಸೋತಿದ್ದರೆ ನಮ್ಮಿಬ್ಬರದು ಎಂದೋ ನಿಂತಿದೆ ಎಂದು ಆ ಡಾಕ್ಟರನಿಗೆ ಹೇಳಿದರಂತೆ. ಆದರೆ ಅಷ್ಟಕ್ಕೇ ಬಿಡಲಿಲ್ಲ. ಆ ಡಾಕ್ಟರನನ್ನು ಎದುರಿಗೇ ಕೂರಿಸಿ ಅವನು ಬರೆದದ್ದನ್ನೆಲ್ಲ ತಿದ್ದಿಸಿದರು. ಇದ್ದದ್ದು ಬಿಡುವುದು ಸೋಮಾರಿತನ, ಇಲ್ಲದ್ದು ಸೇರಿಸುವುದು ಕಳ್ಳತನ, ನಡುವಿನ ದಾರಿ ಇಕ್ಕಟ್ಟು, ಆದರೂ ಅದರಲ್ಲೇ ನಡೆಯಬೇಕು ಎನ್ನುವುದು ಅವರ ಪಾಠದ ಎರಡನೆಯ ಮಾತು. ಆ ತರುಣ ಮುಂದೆ ನಾಲ್ಕು ತಾಲೂಕಿನಲ್ಲೇ ಒಪ್ಪವಾಗಿ ಬರೆಯುವವನಾದ.

ನನ್ನ ರೋಗ ಸೋಮಾರಿತನವೂ ಅಲ್ಲ, ಕಳ್ಳತನವೂ ಅಲ್ಲ. ಅದನ್ನು ಅವರಿಗೆ ಬಿಡಿಸಿ ಹೇಳುವುದೇ ನನಗೆ ದೊಡ್ಡ ಕೆಲಸವಾಯಿತು.

ನಮ್ಮ ಕಡೆ ಜಡ್ಡಿನವರನ್ನು ಮಾತಾಡಿಸಲು ಹೋಗುವುದೊಂದು ರಿವಾಜು. ಒಬ್ಬರು ಆಸ್ಪತ್ರೆಯಿಂದ ಮನೆಗೆ ಬಂದರೆ ಓಣಿ, ಬಳಗ, ಬೀಗರು ಎಲ್ಲ ಬಾಳೆಹಣ್ಣು ಬಿಸ್ಕಿಟು ಹಿಡಿದು ಬರುತ್ತಾರೆ. ಬಂದವರು ಮಂಚದ ಅಂಚಿಗೆ ಕೂತು ಹೇಗಿದ್ದೀಯ ಎಂದು ಕೇಳುತ್ತಾರೆ, ಆಮೇಲೆ ಕಾರ್ಡು ಎಲ್ಲಿ ಎಂದು ಕೇಳುತ್ತಾರೆ. ಆಸ್ಪತ್ರೆಯವರು ಮನೆಗೆ ಕಳಿಸುವಾಗ ಕೊಡುವ ಡಿಸ್ಚಾರ್ಜ್ ಕಾರ್ಡು. ಅದು ಕೈಯಿಂದ ಕೈಗೆ ಹೋಗುತ್ತದೆ. ಕಾಲೇಜು ಕಲಿತವರು ಇದ್ದರೆ ಗಟ್ಟಿಯಾಗಿ ಓದಿ ಅರ್ಥ ಹೇಳುತ್ತಾರೆ. ಕಾರ್ಡು ತೋರಿಸದಿದ್ದರೆ ಬಂದವರಿಗೆ ಅವಮಾನ. ಇದರಲ್ಲಿ ಯಾರದೂ ಕೆಟ್ಟ ಮನಸ್ಸಿಲ್ಲ. ಆದರೆ ಅದೇ ಕಾರ್ಡಿನಲ್ಲಿ ಟಿಬಿ ಎಂದಿದ್ದರೆ ಆ ಮನೆಯ ಹೆಣ್ಣು ಕೇಳಲು ಬರುವವರು ನಿಲ್ಲುತ್ತಾರೆ. ಫಿಟ್ಸ್ ಎಂದಿದ್ದರೆ ತಂಗಿಯರ ಮದುವೆಯೂ ನಿಲ್ಲುತ್ತದೆ. ನನಗೆ ಕೆಲಸ ಕಲಿಸಿದ ಹಿರಿಯರು, ಕಾರ್ಡನ್ನು ಮೊದಲು ಓದುವವರು ಬೀಗರು, ಡಾಕ್ಟರು ಆಮೇಲೆ, ಹಾಗೆ ತಿಳಿದು ಬರಿ ಎಂದಿದ್ದರು. ಅದಕ್ಕೇ ನಾನು ಟಿಬಿಗೆ ಹಳೆಯ ಕೆಮ್ಮು ಎಂದೂ, ಫಿಟ್ಸಿಗೆ ಚಕ್ಕರ್ ಬಂದು ಬಿದ್ದದ್ದು ಎಂದೂ, ಉಳಿದೆಲ್ಲಕ್ಕೂ ಅಶಕ್ತತೆ ಎಂದೂ ಬರೆಯುತ್ತಿದ್ದೆ. ಕಾರ್ಡಿಗೆ ಇಳಿಯುವುದು ಕೇಸ್ ಶೀಟಿನಿಂದ, ಆದ್ದರಿಂದ ಅದರಲ್ಲೂ ಹಾಗೇ. ಹೀಗೆ ನನ್ನ ಊರಿನ ಮರ್ಯಾದೆ ಕಾಯುತ್ತ ಕಾಯುತ್ತ ಎಲ್ಲರನ್ನೂ ಕಾಗದದ ಮೇಲೆ ಆರೋಗ್ಯವಂತರನ್ನಾಗಿ ಮಾಡಿದ್ದೆ.

ಇದನ್ನೆಲ್ಲ ಹೇಳಿದಾಗ ಅವರು ಬಯ್ಯುತ್ತಾರೆಂದುಕೊಂಡಿದ್ದೆ. ಬಯ್ಯಲಿಲ್ಲ. ಕಿಟಕಿಯ ಹತ್ತಿರ ಹೋಗಿ ರಸ್ತೆ ನೋಡುತ್ತ ನಿಂತರು. ಇಂಡಿಯಲ್ಲೂ ಹೀಗೇ, ನಾನೂ ಹೀಗೇ ಬರೆಯುತ್ತಿದ್ದೆ ಎಂದರು. ಆಮೇಲೆ ತಟ್ಟನೆ ತಿರುಗಿ, “ತಮ್ಮಾ, ಕಾರ್ಡ್ ಲಕೋಟೆದಾಗ ಹಾಕಿ ಕೊಡು. ಹಿರ್ಯಾರ ಕೈಯಾಗ ಅಲ್ಲ, ಯಾರದು ಜಡ್ಡೋ ಅವರ ಕೈಯಾಗ. ಒಳಗ ಎಲ್ಲಾ ಬರಿ,” ಎಂದರು. ಬಹಳ ಕಳಕಳಿ ಬಂದಾಗ ಅವರ ಬಾಯಲ್ಲಿ ಡಾಕ್ಟರ್ರ ಹೋಗಿ ತಮ್ಮಾ ಬರುತ್ತಿತ್ತು.

ಲಕೋಟೆ ತರಿಸಿದೆ. ಮೊದಲ ವಾರವೇ ಎಡವಟ್ಟಾಯಿತು. ಯಾರ ರೋಗವನ್ನು ಮುಚ್ಚಬೇಕೋ ಅವರಿಗಷ್ಟೇ ಲಕೋಟೆ ಕೊಟ್ಟಿದ್ದೆ. ಸಿಂದಗಿಯಲ್ಲಿ ಸುದ್ದಿ ಹಬ್ಬಲು ಹೊತ್ತು ಬೇಕೇ? ಲಕೋಟೆ ಕೊಟ್ಟರು ಎಂದರೆ ದೊಡ್ಡ ಜಡ್ಡು ಎಂದು ಜನ ತೀರ್ಮಾನ ಮಾಡಿದರು. ಹಳೆಯ ಟಿಬಿಯ ಒಬ್ಬನಿಗೆ ಕ್ಯಾನ್ಸರ್ ಆಗಿದೆ ಎಂದು ಅವನ ಅಕ್ಕ ಊರಿಂದ ಅಳುತ್ತ ಬಂದಳು. ನಾನು ಫೋನಿನಲ್ಲಿ ಮೇಡಂ ಮೇಲೆ ರೇಗಿದೆ. ಇವರು ಆ ಕಡೆ ಬಸ್ಸಿನ ಸದ್ದಿನಲ್ಲಿ ಬಿದ್ದು ಬಿದ್ದು ನಗುತ್ತಿದ್ದರು. ನಕ್ಕು ಮುಗಿದ ಮೇಲೆ, ಕಾಲಿಗೆ ಮುಳ್ಳು ಚುಚ್ಚಿಸಿಕೊಂಡು ಬಂದವನಿಗೂ ಲಕೋಟೆ ಕೊಡು ಎಂದರು. ಕೊಟ್ಟೆ. ನೆಗಡಿಗೂ ಲಕೋಟೆ, ಹೆರಿಗೆಗೂ ಲಕೋಟೆ. ಕ್ರಮೇಣ ಜನ ಅದನ್ನು ನಮ್ಮ ಆಸ್ಪತ್ರೆಯ ಠೀವಿ ಎಂದುಕೊಂಡರು. ನಾನು ಧೈರ್ಯವಾಗಿ ಪೂರ್ತಿ ಬರೆಯತೊಡಗಿದೆ.

ಅಳತೆಯ ದಿನಗಳು ಮುಗಿಯುತ್ತ ಬಂದಿದ್ದವು. ಅವರು ಆಗಾಗ ಬಂದು ಹೊಸ ಕೇಸ್ ಶೀಟುಗಳನ್ನು ನೋಡಿ ಹೋಗುತ್ತಿದ್ದರು. ಸಾಕಾಗುತ್ತದೆಯೇ ಎಂದು ಕೇಳಿದರೆ, ಇನ್ನೂ ಅಂಚಿನಲ್ಲಿದ್ದೀರಿ, ಒಂದನ್ನೂ ಬಿಡಬೇಡಿ ಎನ್ನುತ್ತಿದ್ದರು. ಹಾಗೆ ಬಂದಿದ್ದ ದಿನವೇ ದೇವರ ಹಿಪ್ಪರಗಿಯಿಂದ ಒಬ್ಬ ಹುಡುಗಿಯನ್ನು ಕರೆತಂದರು. ಅಪೆಂಡಿಕ್ಸ್, ಆಪರೇಷನ್ ಆಗಲೇಬೇಕಿತ್ತು. ಖಾಸಗಿ ಶಾಲೆಯೊಂದರಲ್ಲಿ ಗಣಿತ ಹೇಳುವ ಹುಡುಗಿ. ಜೊತೆಗೆ ತಾಯಿ, ಹಿಟ್ಟಿನ ಗಿರಣಿ ನಡೆಸುವ ವಿಧವೆ. ಬಸವನ ಬಾಗೇವಾಡಿಯ ಕಡೆ ಮದುವೆ ನಿಶ್ಚಯವಾಗಿತ್ತು. ಚಿಕ್ಕಂದಿನಿಂದ ಮಗಳಿಗೆ ಫಿಟ್ಸ್ ಇದೆ, ದಿನವೂ ಗುಳಿಗೆ ನುಂಗುತ್ತಾಳೆ, ಕೊನೆಯ ಸಲ ಫಿಟ್ಸ್ ಬಂದು ವರ್ಷಗಳೇ ಆದವು, ದಯಮಾಡಿ ಬರೆಯಬೇಡಿ ಎಂದು ತಾಯಿ ನನ್ನ ಕೋಣೆಯ ಬಾಗಿಲು ಹಾಕಿಕೊಂಡು ಕೇಳಿದಳು. ಮೊದಲಿನ ನಾನಾಗಿದ್ದರೆ ಅವಳು ಕೇಳುವ ಮುಂಚೆಯೇ ಬಿಟ್ಟಿರುತ್ತಿದ್ದೆ. ಈಗ ಹಾಗೆ ಮಾಡಲಾಗಲಿಲ್ಲ. ಮೇಡಂ ಅವರನ್ನು ಕರೆದೆ.

ಇವರು ಆ ತಾಯಿಯನ್ನು ವಾರ್ಡಿಗೆ ಕರೆದುಕೊಂಡು ಹೋಗಿ ಮಗಳ ಮಂಚದ ಸರಳು ಹಿಡಿದು ನಿಂತರು. ಬರೆಯದಿದ್ದರೆ ಪಾಳಿಯ ನರ್ಸಿಗೆ ಗುಳಿಗೆಯ ವಿಷಯ ಗೊತ್ತಾಗುವುದಿಲ್ಲ, ಅದು ತಪ್ಪಿದರೆ ಹೊಲಿಗೆ ಹಾಕಿದ ಹೊಟ್ಟೆಯ ಮೇಲೆ ಫಿಟ್ಸ್ ಬರುತ್ತದೆ ಎಂದು ತಿಳಿಸಿ ಹೇಳಿದರು. ನಮ್ಮ ವಾರ್ಡು ಉಳಿಯಬೇಕೆಂದರೆ ಇರುವುದನ್ನೆಲ್ಲ ಬರೆಯಬೇಕು ಎಂಬುದನ್ನೂ ಮುಚ್ಚಿಡಲಿಲ್ಲ. ತಾಯಿ ನೆಲ ನೋಡುತ್ತಿದ್ದಳು. ಹುಡುಗಿ ಇಬ್ಬರ ಮುಖವನ್ನೂ ನೋಡುತ್ತಿದ್ದಳು, ಅವಳನ್ನು ನಾವು ಯಾರೂ ಏನೂ ಕೇಳಲಿಲ್ಲ.

“ಯವ್ವಾ, ಕಾರ್ಡ್ ಲಕೋಟೆದಾಗ ಇರತೈತಿ. ನಿನ್ನ ಮಗಳ ಕೈಯಾಗ ಕೊಡತೇವಿ. ಯಾರೂ ಒಡ್ಯಾಂಗಿಲ್ಲ. ನಾ ಅದೇನಿ.”

“ನಿಮ್ಮ ಮಾತಿನ ಮ್ಯಾಲ ಬಿಟ್ಟೇನ್ರಿ ಬಾಯಾರ,” ಎಂದಳು ತಾಯಿ.

ನಾನು ಬರೆದೆ. ಆಪರೇಷನ್ ಚೆನ್ನಾಗಿ ಆಯಿತು. ಗುಳಿಗೆ ಹೊತ್ತಿಗೆ ಸರಿಯಾಗಿ ಸಿಕ್ಕಿತು, ಫಿಟ್ಸ್ ಬರಲಿಲ್ಲ. ಹುಡುಗಿ ಹೊರಡುವ ದಿನ ಲಕೋಟೆಯನ್ನು ನಾನೇ ಅವಳ ಕೈಗೆ ಕೊಟ್ಟೆ. ಅವಳು ಅದನ್ನು ತನ್ನ ಚೀಲದಲ್ಲಿಟ್ಟುಕೊಂಡು ನಮಸ್ಕಾರ ಮಾಡಿದಳು.

ಆಮೇಲೆ ಕಾಯುವುದೊಂದೇ ಉಳಿಯಿತು. ನನಗೆ ಕಾಯುವುದು ಬರುವುದಿಲ್ಲ. ದಿನವೂ ಕಂಪ್ಯೂಟರ್ ತೆಗೆದು ನೋಡುವುದು, ಇವರಿಗೆ ಫೋನು ಮಾಡುವುದು. ಬಂದರೆ ಬರುತ್ತದೆ, ನಿನ್ನ ಬಿಪಿ ನೋಡಿಕೋ ಎಂದು ಅವರು ಫೋನು ಇಡುವುದು. ನನಗೆ ಬಿಪಿ ಇರುವುದು ಅವರಿಗೆ ಮೊದಲ ದಿನವೇ ತಿಳಿದಿತ್ತು ಎಂದು ಕಾಣುತ್ತದೆ.

ಕಡೆಗೊಂದು ಬೆಳಿಗ್ಗೆ ಅಳತೆ ಬಂತು. ನಮ್ಮ ರೋಗಿಗಳು ಎಷ್ಟು ಜಡ್ಡಿನವರೋ ಅಷ್ಟೇ ಜಡ್ಡಿನವರು ಎಂದು ಅದರಲ್ಲಿ ಕಂಡಿತು. ದರ ಸಿಕ್ಕಿತು, ವಾರ್ಡು ಉಳಿಯಿತು. ನನಗೆ ಕುಣಿಯುವಷ್ಟು ಸಂತೋಷವಾಯಿತು, ಅದನ್ನು ಈಗ ಮುಚ್ಚಿಟ್ಟು ಏನು ಪ್ರಯೋಜನ. ಹಮಾಲರ ಮಂಚದಿಂದ ಮಂಚಕ್ಕೆ ಹೋಗಿ ಹೇಳಿದೆ, ಅವರಿಗೆ ಅರ್ಥವಾಗಲಿಲ್ಲ, ಆದರೂ ನಕ್ಕರು. ಪೇಡೆ ತರಿಸಿದೆ. ಮಧ್ಯಾಹ್ನದ ಹೊತ್ತಿಗೆ ಮೇಡಂ ಬಂದರು. ಬರುವುದಾಗಿ ಹೇಳಿರಲಿಲ್ಲ. ಡಬ್ಬಿ ಹಿಡಿದು ಎದುರಿಗೇ ಹೋದೆ.

ಪೇಡೆ ತೆಗೆದುಕೊಳ್ಳಲಿಲ್ಲ. ದೇವರ ಹಿಪ್ಪರಗಿಯಿಂದ ಬಂದೆ ಎಂದರು. ಆಮೇಲೆ ನಿಂತಲ್ಲೇ, ಬಾಗಿಲ ಹತ್ತಿರವೇ, ಎಲ್ಲ ಹೇಳಿದರು. ವರನ ಸೋದರತ್ತೆ ಹುಡುಗಿಯನ್ನು ಮಾತಾಡಿಸಲು ಮೋಸಂಬಿ ತೆಗೆದುಕೊಂಡು ಬಂದಿದ್ದಳು. ಹುಡುಗಿ ಒಳಗೆ ಚಹಾ ಮಾಡುತ್ತಿದ್ದಳು. ಅತ್ತೆ ಗೂಡಿನಲ್ಲಿದ್ದ ಲಕೋಟೆ ನೋಡಿದಳು. ನಮ್ಮ ಮನೆಗೆ ಬರುವ ಹುಡುಗಿಯದಲ್ಲವೇ, ನಾವಲ್ಲದೆ ಇನ್ಯಾರು ನೋಡಬೇಕು ಎಂದು, ತಾಯಿ ಬೇಡ ಎನ್ನುವುದರೊಳಗೆ ಒಡೆದು ಗಟ್ಟಿಯಾಗಿ ಓದಿದಳು. ಸಿಟ್ಟಿನಿಂದ ಒಡೆದದ್ದಲ್ಲ, ಪ್ರೀತಿಯಿಂದಲೇ ಒಡೆದದ್ದು. ಮರುದಿನವೇ ಬಾಗೇವಾಡಿಯಿಂದ ಸಂಬಂಧ ಬೇಡವೆಂದು ಹೇಳಿಕಳಿಸಿದರು. ಸುದ್ದಿ ತಿಳಿದು ಇವರು ತಾಯಿಯ ಹತ್ತಿರ ಹೋಗಿದ್ದರು. ನನ್ನ ಮಾತು ನಂಬಿ ಹೀಗಾಯಿತು, ತಪ್ಪು ನನ್ನದು ಎಂದರಂತೆ. ತಾಯಿ ಬಯ್ಯಲಿಲ್ಲ. ಚಹಾ ಕೊಟ್ಟಳು, ಗಿರಣಿಗೆ ಹೋದಳು.

ಬಸ್ ನಿಲ್ದಾಣದ ತನಕ ಹುಡುಗಿ ಜೊತೆಗೆ ಬಂದಳಂತೆ. ಮುಚ್ಚಿ ಮಾಡಿದ ಮದುವೆ ಮುಂದೆ ಮುರಿಯುವುದಕ್ಕಿಂತ ಈಗಲೇ ಮುರಿದದ್ದು ಒಳ್ಳೆಯದಾಯಿತಲ್ಲವೇ ಮಗಳೇ ಎಂದು ಇವರು ದಾರಿಯಲ್ಲಿ ಕೇಳಿದರು. ಹೌದು ಎನ್ನುತ್ತಾಳೆ, ಎನ್ನಲಿ ಎಂದು ಕೇಳಿದ್ದು.

“ಆಕಿ ಏನಂದ್ಳು ಗೊತ್ತೈತೇನು?” ಎಂದರು ನನಗೆ. “ನಾ ಹಂಗ ಅನ್ನಾಂಗಿಲ್ರಿ ಬಾಯಾರ, ಅಂವ ನನ್ನ ಮನಸಿಗೆ ಬಂದಿದ್ದ ಅಂದ್ಳು. ಅವಗ ನಾನ ಹೇಳಾಕಿ ಇದ್ದೆ, ಹೆಂಗ ಹೇಳಬೇಕಂತ ಮಾತು ಕೂಡಸಾಕತ್ತಿದ್ದೆ. ನನ್ನ ಬಾಯಿಲೆ ಹೇಳೂದು ಬ್ಯಾರೆ, ಅತ್ತಿ ಚಾಳೀಸ್ ಹಾಕ್ಕೊಂಡು ಓದೂದು ಬ್ಯಾರೆ ಅಂದ್ಳು.”

ಏನಾದರೂ ಹೇಳಬೇಕಲ್ಲ ಎಂದು, ವಾರ್ಡಾದರೂ ಉಳಿಯಿತು ಮೇಡಂ, ಇಷ್ಟು ಜನಕ್ಕೆ ದಾರಿಯಾಯಿತು ಎಂದೆ.

ಅವರು ಸೆರಗು ಎಳೆದುಕೊಳ್ಳಲಿಲ್ಲ. ಅದು ಹೆಗಲ ಮೇಲೆ ಹಾಗೇ ಬಿದ್ದಿತ್ತು.

“ಹೌದು, ಉಳೀತು. ಅದಕ ನಾನೂ ಖುಷಿ ಅದೇನಿ, ಸುಳ್ಳು ಯಾಕ ಹೇಳ್ಲಿ,” ಎಂದರು. “ಆ ಹುಡುಗಿ ಮುಂದ ಹೋಗಿ ಇದನ್ನ ಹೇಳ್ತೀಯೇನು ತಮ್ಮಾ?”

ಮುದ್ದೇಬಿಹಾಳದಲ್ಲಿ ಮೂರಕ್ಕೆ ಅವರ ಪಾಠವಿತ್ತು. ನನ್ನ ಉತ್ತರಕ್ಕೆ ಕಾಯದೆ ಅವರು ಬಸ್ಸಿಗೆ ಹೊರಟರು. ನಾನು ಡಬ್ಬಿಯ ಮುಚ್ಚಳ ಹಾಕಿದೆ.